ಮಸೂರದ ಪರೀಕ್ಷೆ: ಒಂದೇ ಚಿತ್ರ ಸಾಲದು

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಬಂಡೆ ಶಾಸನವಿರುವುದು ನಿಮಗೆ ಗೊತ್ತು. 1929ರ ಮೈಸೂರು ಪುರಾತತ್ವ ವರದಿಯಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಪ್ರಕಟಿಸಿದ ಪಾಠವನ್ನು ನಂತರದ ವಿದ್ವಾಂಸರು ಪ್ರಶ್ನಿಸಿದರು. ಸವೆದ ಅಕ್ಷರದಲ್ಲಿ ಒಂದು ಗೀರು ಕಂಡರೂ ಕಾಣದಿದ್ದರೂ ಅರ್ಥ ಬದಲಾಗುತ್ತದೆ. ಇಂಥ ಕಲ್ಲನ್ನು ದಾಖಲಿಸಲು ಹೊರಡುವ ಶಾಲಾ ಸಂಘವು ಮೊದಲು ತನ್ನ ಕ್ಯಾಮೆರಾದ ಮಸೂರವನ್ನು ಪರೀಕ್ಷಿಸಬೇಕು.

ರೂಢಿಯಲ್ಲಿರುವ ಎರಡು ಪರೀಕ್ಷೆಗಳು ಈ ಕೆಲಸಕ್ಕೆ ಸಾಲವು. ಮೊದಲನೆಯದು, ಜೋಗಿಮಟ್ಟಿಯ ಗಾಳಿಯಂತ್ರಗಳಂಥ ದೂರದ ವಸ್ತುವಿನ ಚಿತ್ರ ತೆಗೆಯುವುದು. ಬಿಸಿಲಿನಲ್ಲಿ ಕಾದ ನೆಲದ ಮೇಲಿನ ಗಾಳಿಯ ವಕ್ರೀಭವನಾಂಕ ಕ್ಷಣಕ್ಷಣಕ್ಕೂ ಬದಲಾಗಿ ಬಿಂಬ ನಡುಗುತ್ತದೆ. ರೆಕ್ಕೆಯ ತುದಿ ಸೆಕೆಂಡಿಗೆ 50 ಮೀಟರ್ ಚಲಿಸುತ್ತಿದ್ದರೆ, 1/1000 ಸೆಕೆಂಡಿನಲ್ಲೂ 5 ಸೆಂ.ಮೀ. ಸರಿದಿರುತ್ತದೆ. ಗಾಳಿಯ ದೋಷವನ್ನು ಮಸೂರದ ಮೇಲೆ ಹೊರಿಸುವುದು ನ್ಯಾಯವೇ?

ಎರಡನೆಯದು, ಗೋಡೆಗೆ ಅಂಟಿಸಿದ ದಿನಪತ್ರಿಕೆಯನ್ನು f/8ರಲ್ಲಿ ಒಮ್ಮೆ ಕ್ಲಿಕ್ಕಿಸುವುದು. 50 ಮಿ.ಮೀ. ಮಸೂರವನ್ನು 2 ಮೀಟರ್ ದೂರಕ್ಕೆ ಫೋಕಸ್ ಮಾಡಿ, 0.02 ಮಿ.ಮೀ. ಮಸುಕನ್ನು ಒಪ್ಪಿಕೊಂಡರೆ, f/8ರಲ್ಲಿ ಸ್ಫುಟವಾಗಿ ಕಾಣುವ ಆಳ ಸುಮಾರು 50 ಸೆಂ.ಮೀ.; f/1.8ರಲ್ಲಿ ಕೇವಲ 11 ಸೆಂ.ಮೀ. ಆದ್ದರಿಂದ ಫೋಕಸ್ 10 ಸೆಂ.ಮೀ. ತಪ್ಪಿದ್ದರೂ f/8ರ ಚಿತ್ರ ಅದನ್ನು ಮರೆಮಾಚುತ್ತದೆ. ಕ್ಯಾಮೆರಾ ತಾನೇ ಅಂಚುಗಳನ್ನು ತೀಕ್ಷ್ಣಗೊಳಿಸಿದರಂತೂ ಸತ್ಯ ಇನ್ನಷ್ಟು ದೂರವಾಗುತ್ತದೆ.

ಇಲ್ಲಿರುವ ಮೂಲ ದೋಷವೆಂದರೆ ಎರಡು ಪ್ರಶ್ನೆಗಳನ್ನು ಒಂದಾಗಿಸಿರುವುದು. ಫೋಕಸ್ ಸರಿಯಾದ ಜಾಗದಲ್ಲಿ ಬೀಳುತ್ತದೆಯೇ? ಬಿದ್ದಾಗ ಬಿಂಬ ಎಷ್ಟು ಸ್ಫುಟ? ಇವನ್ನು ಬೇರೆಬೇರೆಯಾಗಿಯೇ ಕೇಳಬೇಕು.

ಮೊದಲ ಪ್ರಶ್ನೆಗೆ, ಕ್ಯಾಮೆರಾಕ್ಕೆ ನೇರ ಎದುರಾಗಿ ಒಂದು ಗುರುತಿನ ಹಲಗೆಯನ್ನು ನಿಲ್ಲಿಸಿ. ಅದರ ಪಕ್ಕದಲ್ಲಿ ಅಳತೆಪಟ್ಟಿಯನ್ನು 45 ಡಿಗ್ರಿ ಓರೆಯಾಗಿಡಿ. ಪಟ್ಟಿಯ ನಡುಗೆರೆ ಹಲಗೆಯಷ್ಟೇ ದೂರದಲ್ಲಿರಲಿ. ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟು, ರಂಧ್ರವನ್ನು ಪೂರ್ತಿ ತೆರೆದು, ಪ್ರತಿ ಸಲವೂ ಫೋಕಸ್ ಕೆಡಿಸಿ ಹಲಗೆಯ ಮೇಲೆ ಮತ್ತೆ ಫೋಕಸ್ ಮಾಡಿಸಿ, ಹತ್ತು ಚಿತ್ರ ತೆಗೆಯಿರಿ. ಹತ್ತೂ ಒಂದೇ ಕಡೆಗೆ ಸರಿದಿದ್ದರೆ ಅದು ಕ್ರಮಬದ್ಧ ದೋಷ. ಹಲವು ಕ್ಯಾಮೆರಾಗಳಲ್ಲಿ ಸರಿಪಡಿಸಬಹುದು. ಹಿಂದೆ ಮುಂದೆ ಚದುರಿದ್ದರೆ ಅದು ಯಾದೃಚ್ಛಿಕ ದೋಷ. ಯಾವ ತಿದ್ದುಪಡಿಗೂ ಬಗ್ಗದು.

ಎರಡನೆಯ ಪ್ರಶ್ನೆಗೆ, ಬಿಂಬವನ್ನು ಹಿಗ್ಗಿಸಿ ನೋಡಿ ಕೈಯಿಂದ ಫೋಕಸ್ ಮಾಡಿ, ಸಮತಟ್ಟಾದ ಗೋಡೆಯನ್ನು ಪ್ರತಿ ರಂಧ್ರದಲ್ಲೂ ಚಿತ್ರಿಸಿ. ಒಂದು ಅಂಚು ಮಸುಕಾದರೆ ಕೂಡಲೇ ಮಸೂರವನ್ನು ದೂರಬೇಡಿ. ಕ್ಯಾಮೆರಾವನ್ನು ತಲೆಕೆಳಗಾಗಿಸಿ ಮತ್ತೆ ತೆಗೆಯಿರಿ. ಮಸುಕು ಗೋಡೆಯ ಅದೇ ಭಾಗದಲ್ಲಿ ಉಳಿದರೆ ನಿಮ್ಮ ಜೋಡಣೆ ಓರೆ. ಕ್ಯಾಮೆರಾದೊಂದಿಗೆ ತಿರುಗಿದರೆ ಮಸೂರದ್ದೇ ದೋಷ. f/16ರಲ್ಲಿ ಇಡೀ ಚಿತ್ರ ಮೃದುವಾದರೆ ಅದು ವಿವರ್ತನೆ: ಹಸಿರು ಬೆಳಕಿನ ಬಿಂದು ಸುಮಾರು 21 ಮೈಕ್ರೋಮೀಟರ್ ಅಗಲದ ಬಿಲ್ಲೆಯಾಗುತ್ತದೆ. ಎಷ್ಟು ಬೆಲೆಯ ಮಸೂರವೂ ಇದರಿಂದ ಪಾರಾಗದು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಯಾವ ಶಾಲೆಯಲ್ಲಾದರೂ ಇದಕ್ಕೆ ಬೇಕಾದುದು ಮುಕ್ಕಾಲಿ, ಅಳತೆಪಟ್ಟಿ ಮತ್ತು ಒಂದು ಮಧ್ಯಾಹ್ನ. ಶಿಕ್ಷಕರೇ, ಹತ್ತು ಓದುಗಳನ್ನು ವಿದ್ಯಾರ್ಥಿಗಳೇ ಪಟ್ಟಿ ಮಾಡಲಿ. ಆ ಪಟ್ಟಿಯನ್ನು ಶಾಸನದ ಚಿತ್ರಗಳ ಜೊತೆಗೇ ಇಡಿ. ಮುಂದೆ ಅಕ್ಷರವೊಂದರ ಬಗ್ಗೆ ವಾದ ಎದ್ದಾಗ, ಮಸುಕು ಕಲ್ಲಿನದೋ ಮಸೂರದ್ದೋ ಎಂದು ತೀರ್ಮಾನಿಸಲು ಅದೇ ನೆರವಾಗುತ್ತದೆ.