ರಸದಲ್ಲಿ ಅದ್ದಿದ ಬೋಟಿ

ಟೋಕಿಯೊದ ಸಣ್ಣ ರಾಮೆನ್ ಅಂಗಡಿಗಳಲ್ಲಿ ತ್ಸುಕೆಮೆನ್ ಎರಡು ಬಟ್ಟಲುಗಳಲ್ಲಿ ಬರುತ್ತದೆ. ಒಂದರಲ್ಲಿ ಬೇಯಿಸಿ ತಣ್ಣೀರಲ್ಲಿ ತೊಳೆದ ದಪ್ಪ ನೂಡಲ್ಸ್, ಇನ್ನೊಂದರಲ್ಲಿ ಹಬೆಯಾಡುವ ಗಟ್ಟಿ ರಸ. ಮೊದಲು ಅಡುಗೆಮನೆಯ ಕೆಲಸಗಾರರು ಉಳಿದ ನೂಡಲ್ಸನ್ನು ಹೀಗೆ ರಸಕ್ಕೆ ಅದ್ದಿ ತಿನ್ನುತ್ತಿದ್ದರು. ಅದನ್ನೇ 1955ರಲ್ಲಿ ಟೋಕಿಯೊದ ನಕಾನೊದಲ್ಲಿದ್ದ ತೈಶೋಕೆನ್ ಎಂಬ ಅಂಗಡಿಯಲ್ಲಿ ಗಿರಾಕಿಗಳಿಗೆ ಬಡಿಸಿದವರು ಕಝುವೊ ಯಮಗಿಶಿ.

ಆ ರಸಕ್ಕೆ ಮೋತ್ಸು, ಅಂದರೆ ಕರುಳು-ಬೋಟಿ, ಬಿದ್ದರೇ ನನಗೆ ಊಟ ಪೂರ್ತಿ. ಬೋಟಿಯ ಕೆಲಸ ಅಂಗಡಿ ಬಾಗಿಲು ತೆರೆಯುವ ಮುಂಚೆಯೇ ಮುಗಿದಿರಬೇಕು: ಉಜ್ಜಿ ತೊಳೆದು, ಒಮ್ಮೆ ಕುದಿಸಿ ನೀರು ಚೆಲ್ಲಿ, ಶುಂಠಿಯ ಜೊತೆ ಮತ್ತೆ ಸಣ್ಣ ಉರಿಯಲ್ಲಿ ಬೇಯಿಸಬೇಕು. ಅವಸರ ಮಾಡಿದರೆ ರಬ್ಬರು. (ಬೋಟಿ ಗೊಜ್ಜು ಮಾಡುವ ನಮ್ಮವರಿಗೆ ಇದನ್ನು ಹೇಳಿಕೊಡಬೇಕಿಲ್ಲ.) ಹದವಾಗಿ ಬೆಂದರೆ ಅದರ ಕೊಬ್ಬು ರಸಕ್ಕಿಳಿದು ನೂಡಲ್ಸಿಗೆ ಅಂಟಿಕೊಳ್ಳುತ್ತದೆ. ತಣ್ಣನೆಯ ಎಳೆ, ಬಿಸಿ ಕೊಬ್ಬು, ಎರಡೂ ಒಂದೇ ತುತ್ತಿನಲ್ಲಿ!

ತಿನ್ನುವಾಗ ಕಡ್ಡಿಗಳಲ್ಲಿ ನೂಡಲ್ಸನ್ನು ಸ್ವಲ್ಪವೇ ಎತ್ತಿ, ಅರ್ಧ ಮಾತ್ರ ಅದ್ದಿ, ಸೊರ್ರೆಂದು ಎಳೆದುಕೊಳ್ಳಿ. ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನೂಡಲ್ಸ್ ಮುಗಿದ ಮೇಲೆ ‘ಸೂಪು ವರಿ’ ಕೇಳಿ. ಬಿಸಿ ತಿಳಿಸಾರು ಬೆರೆಸಿ ಕೊಡುತ್ತಾರೆ, ಉಪ್ಪುಪ್ಪಾದ ಉಳಿದ ರಸ ಕುಡಿಯುವಂತಾಗುತ್ತದೆ. ಬೋಟಿಯ ಎರಡು ತುಂಡು ಅದಕ್ಕೆಂದೇ ಉಳಿಸಿಕೊಳ್ಳಿ.