ಕಂಬಾರರ ಕಥನದಲ್ಲಿ ಭಯದ ನೆಲೆ

ಭಯಾನಕವು ಭರತನ ಕಾಲದಿಂದಲೂ ರಸವೆಂದು ಮಾನ್ಯವಾಗಿದ್ದರೂ ಆಧುನಿಕ ಕನ್ನಡ ವಿಮರ್ಶೆ ಅದನ್ನು ಬಹುಮಟ್ಟಿಗೆ ಜನಪ್ರಿಯ ಕಾದಂಬರಿಗಳಿಗೆ ಬಿಟ್ಟುಕೊಟ್ಟಿದೆ. ಹೀಗಾಗಿ ಚಂದ್ರಶೇಖರ ಕಂಬಾರರ ಕೃತಿಗಳ ರಾಕ್ಷಸ, ಯಕ್ಷಿ, ಉಗ್ರದೇವತೆಗಳನ್ನು ಜಾನಪದದ ಅಲಂಕಾರಗಳೆಂದಷ್ಟೇ ಓದುವ ಅಪಾಯವಿದೆ. ಅಧಿಕಾರದ ಸ್ವರೂಪವನ್ನು ಕಂಬಾರರು ಶೋಧಿಸಿದ್ದು ಈ ಭಯದ ಮೂಲಕವೇ ಎಂಬುದು ಆ ಓದಿನಲ್ಲಿ ಮರೆಯಾಗುತ್ತದೆ.

ಘಟಪ್ರಭಾ ತೀರದ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಕಂಬಾರರು ಬೆಳಗಾವಿ ಸೀಮೆಯ ಆಡುನುಡಿ, ಲಾವಣಿ, ಬಯಲಾಟಗಳನ್ನು ತಮ್ಮ ಕಥನದ ಮೂಲದ್ರವ್ಯವಾಗಿಸಿಕೊಂಡರು. 1964ರ ‘ಹೇಳತೇನ ಕೇಳ’ ಕಾವ್ಯದಲ್ಲಿ ರಾಕ್ಷಸನು ಶಿವಾಪುರದ ಗೌಡನನ್ನು ಕೊಂದು, ಅವನದೇ ರೂಪ ಧರಿಸಿ ಊರನ್ನು ಸೇರುತ್ತಾನೆ. ಇಲ್ಲಿ ಭಯ ಹುಟ್ಟುವುದು ವಿಕಾರರೂಪದಿಂದಲ್ಲ, ಊರು ನಂಬಿದ ಮುಖದಿಂದ. ಬಾಧೆಯೂ ಒಬ್ಬನದಲ್ಲ, ಊರಿನ ಸಮೃದ್ಧಿಯೇ ಬತ್ತುತ್ತದೆ. ಶೀರ್ಷಿಕೆಯೇ ಸೂಚಿಸುವಂತೆ ಕೇಳುಗರ ಗುಂಪನ್ನು ಎದುರಿಗಿಟ್ಟುಕೊಂಡ ಶೈಲಿಯಿದು. ಏಕಾಂತದ ಓದುಗನನ್ನು ಬೆಚ್ಚಿಬೀಳಿಸುವ ತಂತ್ರ ಇದಕ್ಕೆ ಹೊರತು. ‘ಜೋಕುಮಾರಸ್ವಾಮಿ’ (1972) ನಾಟಕಕ್ಕೆ ಬರುವ ಹೊತ್ತಿಗೆ ವೇಷಧಾರಿ ರಾಕ್ಷಸನ ಅಗತ್ಯವೂ ಉಳಿಯುವುದಿಲ್ಲ. ಉಳುವವನ ನೆಲವನ್ನು ಕಬಳಿಸುವ, ಸಂತಾನಶಕ್ತಿಯಿಲ್ಲದ ಗೌಡನೇ ಆ ಸ್ಥಾನವನ್ನು ತುಂಬುತ್ತಾನೆ.

‘ಕರಿಮಾಯಿ’ (1975) ಕಾದಂಬರಿಯಲ್ಲಿ ಭಯಕ್ಕೆ ಇನ್ನೊಂದು ಮುಖವಿದೆ. ದೇವಿಯ ಅಂಜಿಕೆ ಊರನ್ನು ಒಂದಾಗಿ ಹಿಡಿದಿಡುತ್ತದೆ. ಅದೇ ಅಂಜಿಕೆ ಹಳೆಯ ಯಜಮಾನಿಕೆಯನ್ನೂ ಕಾಯುತ್ತದೆ. ಹೊಸ ವಿದ್ಯೆಯ ಗುಡಸೀಕರನ ಸವಾಲು ಪೊಳ್ಳಾಗಿರುವುದರಿಂದ ಈ ದ್ವಂದ್ವ ಪೂರ್ಣವಾಗಿ ಪರೀಕ್ಷೆಗೆ ಒಳಗಾಗುವುದಿಲ್ಲ. ಕೃತಿಯ ಮಿತಿಯೂ ಇಲ್ಲಿದೆ. ‘ಸಿಂಗಾರೆವ್ವ ಮತ್ತು ಅರಮನೆ’ (1982) ಈ ಕೊರತೆಯನ್ನು ತುಂಬುತ್ತದೆ. 1764ರಲ್ಲಿ ಹೊರೇಸ್ ವಾಲ್ಪೋಲ್ ಇಂಗ್ಲಿಷ್ ಕಾದಂಬರಿಗೆ ತಂದ ಭೀತಿಯ ಕೋಟೆಯಂತೆ ಇಲ್ಲಿಯೂ ಒಂದು ಪಾಳು ಅರಮನೆಯಿದೆ. ಆದರೆ ಅದರ ಕತ್ತಲೆಯನ್ನು ಬಣ್ಣಿಸುವ ದನಿ ಒಳಗೆ ಬದುಕಿದ ಕೆಲಸದ ಹೆಣ್ಣಿನದು. ಆದ್ದರಿಂದ ಗೋಡೆಗಳ ನಡುವಿನ ಭೀತಿ ದೆವ್ವದ್ದಾಗದೆ ತಂದೆಯ ದುರಾಸೆ, ದಾಂಪತ್ಯದ ಬರಡುತನ, ಜಾತಿಯ ಕ್ರೌರ್ಯಗಳದ್ದಾಗುತ್ತದೆ.

‘ಶಿಖರಸೂರ್ಯ’ (2006) ಈ ಪಯಣವನ್ನು ತುದಿಗೆ ಒಯ್ಯುತ್ತದೆ. ಇಲ್ಲಿ ಶಿವಾಪುರದ ವೈದ್ಯವಿದ್ಯೆಯೇ ಅಧಿಕಾರದ ಹಸಿವಿಗೆ ಸಿಕ್ಕಿ ವಿನಾಶಕಾರಿಯಾಗುತ್ತದೆ. ವಿವರಗಳ ವಿಸ್ತಾರದಿಂದ ಮೊದಲ ಕಾವ್ಯದ ಬಿಗುವು ಸಡಿಲವಾಗಿದೆಯಾದರೂ ಪ್ರಶ್ನೆ ಹರಿತವಾಗಿದೆ. ರಾಕ್ಷಸನ ವೇಷವನ್ನು ಕಳಚಬಹುದು. ಮನುಷ್ಯನೇ ಒಲಿದು ಧರಿಸಿದ ರಾಕ್ಷಸತನವನ್ನು ಗುರುತಿಸುವುದು ಹೇಗೆ? 2010ನೆಯ ಸಾಲಿನ ಜ್ಞಾನಪೀಠ ಪುರಸ್ಕೃತರಾದ ಕಂಬಾರರನ್ನು ಉತ್ಸವಪ್ರಿಯ ದೇಸಿ ಕವಿಯೆಂದು ಮಾತ್ರ ಕಾಣುವ ಓದು ಈ ಪ್ರಶ್ನೆಯನ್ನು ತಲುಪಲಾರದು.