ಪಾತಾಳಕ್ಕೆ ಇಳಿದ ಹನುಮಪ್ಪ: ತೊಗಲುಗೊಂಬೆಯಾಟ ನೋಡುವವರಿಗೆ

ಮಾಯಾಲೋಕದ ಸಾಹಸಕಥೆ ಬೇಕೆಂದು ಹಟ ಹಿಡಿಯುವ ಮಕ್ಕಳನ್ನು ಮೈರಾವಣನ ಕಾಳಗದ ಆಟಕ್ಕೆ ಕರೆದೊಯ್ಯಿರಿ. ವಾಲ್ಮೀಕಿಯಲ್ಲಿ ಈ ಕಥೆ ಇಲ್ಲ. ಬೆಳೆಸಿದ್ದು ಬಹುಪಾಲು ಜನರ ಬಾಯಿ. ಹನುಮಪ್ಪ ಬಾಲವನ್ನೇ ಕೋಟೆಯಾಗಿ ಸುತ್ತಿ ಕಾವಲು ಕೂತಿದ್ದರೂ ಪಾತಾಳದ ದೊರೆ ಮೈರಾವಣ ವಿಭೀಷಣನ ವೇಷದಲ್ಲಿ ಒಳಹೊಕ್ಕು, ಮಲಗಿದ್ದ ರಾಮಲಕ್ಷ್ಮಣರನ್ನು ಕಾಳಿಗೆ ಬಲಿಕೊಡಲು ಪಾತಾಳಕ್ಕೆ ಹೊತ್ತೊಯ್ಯುತ್ತಾನೆ. ಹನುಮಪ್ಪ ತಾವರೆಯ ದಂಟಿನೊಳಗಿಂದ ಇಳಿದು ಹೋದರೆ, ಬಾಗಿಲು ಕಾಯುತ್ತಿರುವವನು ಅವನದೇ ಮಗ, ಮೀನಿನ ಹೊಟ್ಟೆಯಲ್ಲಿ ಹುಟ್ಟಿದವನು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಇನ್ನು ಮೈರಾವಣನ ಜೀವ ಇರುವುದು ಅವನ ಮೈಯಲ್ಲಲ್ಲ, ಐದು ದುಂಬಿಗಳಲ್ಲಿ. ಹ್ಯಾರಿ ಪಾಟರ್ ಓದಿದ ಮಕ್ಕಳಿಗೆ ವೋಲ್ಡೆಮಾರ್ಟ್ ಬಚ್ಚಿಟ್ಟ ಪ್ರಾಣದ ತುಣುಕುಗಳು ತಟ್ಟನೆ ನೆನಪಾಗುತ್ತವೆ.

ಬಳ್ಳಾರಿ ಜಿಲ್ಲೆಯ ಕುರುಗೋಡು, ಸಿರುಗುಪ್ಪದ ಕಡೆ ಹನುಮಪ್ಪನ ಗುಡಿಯಿಲ್ಲದ ಊರು ಅಪರೂಪ. ಹಾಗಾಗಿ ಕಥೆಯ ಕೊನೆ ಎಲ್ಲರಿಗೂ ಗೊತ್ತು. ಹೊಸಬರು ನೋಡಬೇಕಾದ್ದು ಪರದೆಯನ್ನು. ಸಮುದ್ರ ಹಾರಿದವನು ದಂಟಿನೊಳಗೆ ತೂರುವಷ್ಟು ಸಣ್ಣವನಾಗುವುದು ಹೇಗೆ? ದೊಡ್ಡ ಗೊಂಬೆಯನ್ನು ಬಟ್ಟೆಯಿಂದ ಹಿಂದಕ್ಕೆ, ದೀಪದ ಕಡೆಗೆ ಸರಿಸಿದರೆ ನೆರಳು ಹಿಗ್ಗಿ ಮಸುಕಾಗುತ್ತದೆ; ಆ ಮಸುಕಿನಲ್ಲೇ ಪುಟ್ಟ ಗೊಂಬೆಯೊಂದು ಬಟ್ಟೆಗೆ ಅಂಟಿಕೊಂಡು ಚೂಪಾಗಿ ಮೂಡಬಹುದು. ಒಬ್ಬನೇ ಹನುಮಪ್ಪನಿಗೆ ಹಲವು ಗೊಂಬೆಗಳಿರುತ್ತವೆ. ಬದಲಿಸುವ ಆ ಗಳಿಗೆಯೇ ಈ ಕಲೆಯ ನಿಜವಾದ ಮಾಯೆ. ಕಣ್ಣು ಮಿಟುಕಿಸಬೇಡಿ.

ಗಡಿಯಾಚೆ ಆಂಧ್ರದಲ್ಲಿ ಕೈಕಾಲು ಆಡುವ ಆಳೆತ್ತರದ ಗೊಂಬೆಗಳು. ನಮ್ಮಲ್ಲಿ ಒಂದೇ ಹಾಳೆಯಂಥ ತೊಗಲಿನಲ್ಲಿ ಮರ, ರಥ, ನಾಲ್ಕಾರು ಜನ ಸೇರಿ ಇಡೀ ದೃಶ್ಯವೇ ಇರುವುದುಂಟು. ಅದು ಅಲುಗಾಡುವುದಿಲ್ಲವೆಂದು ಬೇಸರಪಡಬೇಡಿ. ಹಾಡು ಮುಗಿಯುವ ತನಕ ಆ ಚಿತ್ರದೊಳಗೆ ಕಣ್ಣಾಡಿಸಿ: ಉಳಿಯಿಂದ ಕೊರೆದ ಸಣ್ಣ ತೂತುಗಳಿಂದ ಬೆಳಕು ಸೋಸಿ ಬಂದು ಒಡವೆಗಳು ಮಿನುಗುತ್ತವೆ. ನಡುನಡುವೆ ಹಾಸ್ಯದ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ನಗಿಸುತ್ತಾರೆ. ಅವರ ಮಾತು ಒರಟು, ಆದರೆ ಊರಿನ ಸುದ್ದಿಯೆಲ್ಲ ಅದರಲ್ಲೇ.

ಬಳ್ಳಾರಿಯಲ್ಲಿ ಈ ಕಲೆಯ ದೊಡ್ಡ ಹೆಸರು ಬೆಳಗಲ್ಲು ವೀರಣ್ಣನವರದು. ರಂಗನಟರಾಗಿದ್ದ ಅವರು ಸ್ವಾತಂತ್ರ್ಯ ಹೋರಾಟವನ್ನೂ ಗೊಂಬೆಗಳಲ್ಲಿ ಆಡಿಸಿದರು, 2023ರಲ್ಲಿ ತೀರಿಕೊಂಡರು. ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿ ಬಂದಾಗ ಸಂಭ್ರಮಿಸುವ ನಾವು ಆಟಕ್ಕೆ ಕರೆಸುವುದನ್ನು ಮರೆತರೆ ಅದು ಅನ್ಯಾಯ.

ಆಟದ ದಿನ ಬೇಗ ಹೋಗಿ. ಪರದೆಗೆ ನೇರವಾಗಿ, ಮಕ್ಕಳನ್ನು ಮುಂದೆ ಕೂರಿಸಿ. ಕಲಾವಿದರು ಒಪ್ಪಿದರೆ ಹಿಂದೆ ಹೋಗಿ ಮಕ್ಕಳಿಗೆ ಒಂದು ತೊಗಲನ್ನು ದೀಪಕ್ಕೆ ಹಿಡಿದು ತೋರಿಸಿ ಎಂದು ಕೇಳಿ. ಯುಟ್ಯೂಬ್ ಆಮೇಲೆ ನೋಡಿದರಾಯಿತು.